ಮರಳಿ ಕೇಳಿದ ನುಡಿ

ಕಣ್ಣು ಕಾಣದವರನ್ನು ಲೋಕವು ಕೈಹಿಡಿದು ದಾರಿ ದಾಟಿಸುತ್ತದೆ. ಕಿವಿ ಕೇಳದವರನ್ನು ಕಂಡರೆ ನಗುತ್ತದೆ. ಆ ನಗೆಗೆ ಅಂಜಿ ತಮ್ಮ ಕುಂದನ್ನು ವರ್ಷಗಟ್ಟಲೆ ಮರೆಮಾಚಿದವರು ಅನೇಕರು. ಖಾನಾಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಶಿಕ್ಷಕಿಯೊಬ್ಬರು ಅಂಥವರಲ್ಲಿ ಒಬ್ಬರು.

ಮೂವತ್ತು ದಾಟುವ ಹೊತ್ತಿಗೆ ಹಿಂದಿನ ಬೆಂಚಿನ ಉತ್ತರಗಳು ಅವರಿಗೆ ಅಸ್ಪಷ್ಟವಾಗತೊಡಗಿದವು. ನಿಶ್ಶಬ್ದವಾದ ಶಿಕ್ಷಕರ ಕೊಠಡಿಯಲ್ಲಿ ಕೇಳಿಸದ ಮಾತು ಬೆಳಗಾವಿಯ ಬಸ್ಸಿನ ಗದ್ದಲದಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು. 'ಅಕ್ಕೋರಿಗೆ ಬೇಕಾದದ್ದಷ್ಟ ಕೇಳಸ್ತೈತಿ' ಎಂಬ ಕೊಂಕುನುಡಿ ಹುಟ್ಟಿದ್ದು ಇದರಿಂದಲೇ. ಗದ್ದಲದಲ್ಲಿ ಎಲ್ಲರೂ ದನಿ ಏರಿಸಿ ಮಾತನಾಡುತ್ತಾರೆ. ಈ ಬಗೆಯ ಕಿವುಡಿದ್ದವರಿಗೆ ಗದ್ದಲ ಅಷ್ಟಾಗಿ ತಟ್ಟದೆ ಮಾತು ಮಾತ್ರ ತಲುಪುತ್ತದೆ. ಇದು ಸೋಗಲ್ಲ, ರೋಗಲಕ್ಷಣ. ತಮ್ಮ ದನಿ ಎಲುಬಿನ ಮೂಲಕ ತಮಗೇ ದೊಡ್ಡದಾಗಿ ಕೇಳುತ್ತಿದ್ದುದರಿಂದ ಅವರು ಮೆಲುದನಿಯಲ್ಲಿ ಪಾಠ ಹೇಳುತ್ತಿದ್ದರು; ಅದು ಮಕ್ಕಳಿಗೆ ಕೇಳಿಸದಾಯಿತು.

ಖಾನಾಪುರದಿಂದ ಬೆಳಗಾವಿ ಸುಮಾರು 25 ಕಿಲೋಮೀಟರ್. 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿದ, 1963ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ಕಂಡ ಆ ನಗರಕ್ಕೆ ಸುತ್ತಲಿನ ಊರುಗಳ ರೋಗಿಗಳು ಬರುವುದು ವಾಡಿಕೆ. ಶಿಕ್ಷಕಿಯೂ ಅಲ್ಲಿಗೇ ಬಂದರು. ವೈದ್ಯರು ಶ್ರುತಿಕವೆಯನ್ನು ಮಿಡಿದು ಕಿವಿಯ ಮುಂದೆ ಹಿಡಿದಾಗ ಕ್ಷೀಣವಾಗಿ ಕೇಳಿದ ನಾದ, ಕಿವಿಯ ಹಿಂದಿನ ಎಲುಬಿಗೆ ತಾಗಿಸಿದಾಗ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಪರೀಕ್ಷೆಗಳು ಓಟೋಸ್ಕ್ಲೆರೋಸಿಸ್ ಎಂದು ಸೂಚಿಸಿದವು.

ದೇಹದ ಅತಿ ಚಿಕ್ಕ ಎಲುಬಾದ ರಿಕಾಪು ಮೂಳೆಯ ಎತ್ತರ 3 ಮಿಲಿಮೀಟರಿನಷ್ಟು. ಅದರ ಬುಡದಲ್ಲಿ ಹೊಸ ಎಲುಬು ಬೆಳೆದು ಅಲುಗಾಟ ನಿಲ್ಲುವುದೇ ಈ ಬೇನೆ. ಕಿವಿಯ ತಮಟೆ ಸರಿಯಿದ್ದು, ಒಳಗಿನ ನರ ಸರಿಯಿದ್ದರೂ ನಡುವಿನ ತಿರುಗಣಿ ಬಿಗಿದ ಬಾಗಿಲಿನಂತೆ ದನಿ ಒಳಹೋಗದು. ಸ್ತ್ರೀಯರಲ್ಲಿ ಇದು ಹೆಚ್ಚು. ಕೆಲವು ಮನೆತನಗಳಲ್ಲಿ ಅನುವಂಶಿಕವಾಗಿಯೂ ಬರುತ್ತದೆ. 1956ರಲ್ಲಿ ಅಮೆರಿಕದ ಜಾನ್ ಶಿಯಾ ಆ ಮೂಳೆಯನ್ನೇ ತೆಗೆದು ಟೆಫ್ಲಾನಿನ ಕೃತಕ ಮೂಳೆಯನ್ನು ಕೂಡಿಸಿದರು. ಈಗ ಬುಡದಲ್ಲಿ ಸಣ್ಣ ರಂಧ್ರ ಕೊರೆದು ಪಿಸ್ಟನ್ ಇಡುವ ವಿಧಾನ ಬಳಕೆಯಲ್ಲಿದೆ.

ನುರಿತ ಕೈಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ, ಗಾಳಿಯ ಮೂಲಕ ಮತ್ತು ಎಲುಬಿನ ಮೂಲಕ ಕೇಳುವುದರ ನಡುವಣ ಅಂತರ 10 ಡೆಸಿಬೆಲ್ಲಿನೊಳಗೆ ಇಳಿಯುತ್ತದೆಂದು ವೈದ್ಯರು ವಿವರಿಸಿದರು. ನೂರರಲ್ಲಿ ಒಬ್ಬರಿಗೆ ಆ ಕಿವಿಯೇ ಪೂರ್ತಿ ಹೋಗಬಹುದೆಂಬುದನ್ನೂ ಮುಚ್ಚಿಡಲಿಲ್ಲ. ಶ್ರವಣಯಂತ್ರವೆಂಬ ಬೇರೆ ದಾರಿಯನ್ನೂ ತೋರಿಸಿದರು. ನುಡಿಯೇ ಕಾಯಕವಾದವರಿಗೆ ಆ ಒಂದು ಸಂಖ್ಯೆ ಸಣ್ಣದಲ್ಲ. ಶಿಕ್ಷಕಿ ತಿಂಗಳುಗಟ್ಟಲೆ ಯೋಚಿಸಿ, ಹೆಚ್ಚು ಮಂದವಾಗಿದ್ದ ಒಂದು ಕಿವಿಗೆ ಮಾತ್ರ ಒಪ್ಪಿದರು.

ಶಸ್ತ್ರಕ್ರಿಯೆಯ ನಂತರ ಕೆಲದಿನ ತಲೆ ತಿರುಗಿತು. ನಾಲಿಗೆಯ ಒಂದು ಬದಿಗೆ ಲೋಹದ ರುಚಿ ಹತ್ತಿತು. ಮೂಗು ಸೀನಬಾರದು, ಭಾರ ಎತ್ತಬಾರದು ಎಂಬ ಕಟ್ಟಳೆಗಳಿದ್ದವು. ಕಿವಿಯ ಬತ್ತಿ ತೆಗೆದ ದಿನ ಕಾಗದ ಮಗುಚಿದ ಸದ್ದೂ ಕರ್ಕಶವೆನಿಸಿತು. ವಾರಗಳು ಕಳೆದಂತೆ ಸದ್ದುಗಳು ಹದಕ್ಕೆ ಬಂದವು. ಪರೀಕ್ಷೆಯ ನಕ್ಷೆಯಲ್ಲಿ ಅಂತರ ಬಹುಮಟ್ಟಿಗೆ ಮುಚ್ಚಿತ್ತು. ಕಿವಿಯೊಳಗಿನ ಗುಂಯ್‌ಗುಡುವಿಕೆ ತಗ್ಗಿತಾದರೂ ಪೂರ್ತಿ ಅಡಗಲಿಲ್ಲ. ಇನ್ನೊಂದು ಕಿವಿ ಹಾಗೆಯೇ ಉಳಿದುದರಿಂದ, ಮಾತು ಯಾವ ದಿಕ್ಕಿನಿಂದ ಬಂದಿತೆಂದು ಹೇಳುವುದು ಇಂದಿಗೂ ಅವರಿಗೆ ಕಷ್ಟ. ಫಲಿತಾಂಶವನ್ನು ಮೊದಲು ಸಾರಿದವರು ಮಕ್ಕಳು: 'ಅಕ್ಕೋರ ದನಿ ಈಗ ಹಿಂದಿನತನಕ ಬರತೈತಿ' ಎಂದು.

ಅನುಭವಮಂಟಪದಲ್ಲಿ ನುಡಿದವರಿಗೆ ಕಿವಿಗೊಟ್ಟವರೂ ಇದ್ದರು. ಅವರಿಲ್ಲದೆ ಅನುಭಾವಗೋಷ್ಠಿಯೇ ನಡೆಯುತ್ತಿರಲಿಲ್ಲ. ಶಾಲೆಯೂ ಅಂಥದೇ ಗೋಷ್ಠಿ. ಮಕ್ಕಳ ಕಣ್ಣನ್ನು ಪರೀಕ್ಷಿಸುವಂತೆ ಮಕ್ಕಳ ಮತ್ತು ಗುರುಗಳ ಕಿವಿಯನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸುವ ಏರ್ಪಾಡನ್ನು ದಾನಿಗಳು ಮಾಡಿದರೆ ಅದೂ ದಾಸೋಹವೇ. ಕೇಳದವರನ್ನು ಉದಾಸೀನರೆಂದು ಜರಿಯುವ ಮೊದಲು ಅವರ ಕಿವಿಯನ್ನೊಮ್ಮೆ ವೈದ್ಯರಿಗೆ ತೋರಿಸಲು ನೆರವಾದರೆ, ಎಷ್ಟೋ ಮಂದಿಯ ಮೌನದ ವರ್ಷಗಳು ಉಳಿದಾವು.