ಅಡ್ಡಹೆಸರಿನ ಹೊರೆ



ನನ್ನ ಹೆಸರು ಮಲ್ಲಪ್ಪ, ಅಡ್ಡಹೆಸರು ಶೆಟ್ಟಿ. ಇವೆರಡನ್ನೂ ಒಟ್ಟಿಗೆ ಓದಿದೊಡನೆ ತಮ್ಮ ಮುಖದ ಮೇಲೆ ಕಿರುನಗೆಯೊಂದು ಸುಳಿದಿದ್ದರೆ ಸಂಕೋಚಪಡಬೇಡಿರಿ. ಎಪ್ಪತ್ತು ವರ್ಷಗಳಿಂದ ಆ ನಗೆಯನ್ನು ನೋಡುತ್ತ ಬಂದವನು ನಾನು. ನಮ್ಮ ಸೀಮೆಯಲ್ಲಿ ಒಬ್ಬನನ್ನು ದ್ರೋಹಿ ಎನ್ನಬೇಕಾದರೆ ಆ ಶಬ್ದವನ್ನು ಬಳಸಬೇಕಾಗಿಯೇ ಇಲ್ಲ. ‘ಅಂವಾ ಮಲ್ಲಪ್ಪಶೆಟ್ಟಿ’ ಎಂದರೆ ಮುಗಿಯಿತು. ಪಕ್ಷ ಬಿಟ್ಟವನಿಗೂ, ಅಣ್ಣನ ಹೊಲ ಮುರಿದುಕೊಂಡವನಿಗೂ, ಆಟದಲ್ಲಿ ಎದುರು ತಂಡಕ್ಕೆ ಹೋದ ಹುಡುಗನಿಗೂ ಅದೇ ಬಿರುದು.

ಕಿತ್ತೂರಿನ ಕಥೆಯನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನು ಪಡೆದ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಒಪ್ಪಲಿಲ್ಲ; ಸಂಸ್ಥಾನದ ಕಾರಭಾರವನ್ನು ಅವನು ಒಪ್ಪಿಸಿದ್ದು ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾಯರೆಂಬ ಇಬ್ಬರಿಗೆ. ಅಕ್ಟೋಬರ 23ರಂದು ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮಾಜಿಯವರು ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ಲಿಂಗೈಕ್ಯರಾದರು. ಮದ್ದಿನಲ್ಲಿ ಸೆಗಣಿ ಬೆರೆಸಿದ ಸಂಗತಿಯನ್ನು ಲಾವಣಿಕಾರರೂ ನಾಟಕದವರೂ ತಪ್ಪದೆ ಹೇಳುತ್ತಾರೆ. ಇದರಲ್ಲಿ ಒಂದು ಸೋಜಿಗವಿದೆ. ಸಂಗೊಳ್ಳಿ ರಾಯಣ್ಣನನ್ನು 1830ರಲ್ಲಿ ಹಿಡಿದುಕೊಟ್ಟವರಲ್ಲಿ ಗೌಡರೂ ಇದ್ದರೆಂದು ಅದೇ ಲಾವಣಿಗಳು ಹಾಡುತ್ತವೆ. ಆದರೆ ಯಾವ ಗೌಡನನ್ನೂ ಅದಕ್ಕಾಗಿ ಯಾರೂ ಹಂಗಿಸಿದ್ದನ್ನು ನಾನು ಕಾಣೆ. ಪಾಪವೆಲ್ಲ ಶೆಟ್ಟಿಯ ಪಾಲಿಗೆ ಬಂದಿತು!

ಹಳಿಯಾಳದ ಪೇಟೆಯಲ್ಲಿ ನಮ್ಮ ಮನೆತನದ್ದೊಂದು ಸಣ್ಣ ಕಿರಾಣಿ ಅಂಗಡಿ ಇದ್ದಿತು. ಅದನ್ನು ಹಾಕಿದವನು ನನ್ನ ಮುತ್ತಜ್ಜ ಮಲ್ಲಪ್ಪ. ಅವನ ಹೆಸರನ್ನೇ ನನಗೆ ಇಟ್ಟರು. ತಂದೆಯ ಹೆಸರೆಂದು ನನ್ನಜ್ಜನು ನನ್ನನ್ನು ಎಂದೂ ಹೆಸರು ಹಿಡಿದು ಕರೆಯಲಿಲ್ಲ; ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರವು ಬಂದಿತು. ಆಮೇಲೆ ನಮ್ಮ ಶಾಲೆಯಲ್ಲಿ ಅದೇ ಕಥೆಯ ನಾಟಕವಾಡಿಸಬೇಕೆಂದು ಗುರುಗಳು ನಿಶ್ಚಯಿಸಿದರು. ಪಾತ್ರ ಹಂಚುವಾಗ ನನಗೆ ಏನು ಬಂದಿತೆಂಬುದನ್ನು ತಾವು ಊಹಿಸಬಲ್ಲಿರಿ. ರಾಯಣ್ಣನ ಪಾತ್ರಕ್ಕಾಗಿ ನಾನು ಅತ್ತೆನು. ಇಡೀ ವರ್ಗವೇ ನಕ್ಕಿತು.

ನಾಟಕದ ರಾತ್ರಿ ಅಜ್ಜನು ಮುಂದಿನ ಸಾಲಿನಲ್ಲಿ ಕುಳಿತಿದ್ದನು. ನಾನು ರಂಗದ ಮೇಲೆ ಬಂದಾಗಲೆಲ್ಲ ಜನರು ಆ ಹೆಸರನ್ನು ಹಿಡಿದು ಬೈದರು. ಅಜ್ಜನಿಗೆ ಅದು ಅವನ ತಂದೆಯ ಹೆಸರಾಗಿತ್ತು. ಅವನು ಎದ್ದು ಹೋಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಂದೀಲು ಹಿಡಿದು ಮುಂದೆ ನಡೆಯುತ್ತ ಅವನೆಂದನು: “ಛಲೋ ಮಾಡಿದಿ, ಅಪ್ಪಾ. ಆದರ ಅಂವಾ ಯಾಕ ಹಂಗ ಮಾಡಿದಾ, ಗೊತ್ತೈತೇನು?”

“ಇಲ್ಲಜ್ಜಾ.”

“ನನಗೂ ಗೊತ್ತಿಲ್ಲ. ಅಂವನ ಮಕ್ಕಳು ಮುಂದ ಎಲ್ಲಿ ಹೋದರೋ ಏನೋ.”

ಆ ಮಾತು ನನಗೆ ಆಗ ತಿಳಿಯಲಿಲ್ಲ. ತಿಳಿಯಲು ನೌಕರಿಯ ಮೂವತ್ತು ವರ್ಷಗಳು ಬೇಕಾದವು.

ನೌಕರಿಯ ಮೊದಲ ಊರು ದಾಂಡೇಲಿ. ಅಲ್ಲಿ ನಾನು ಸುಖವಾಗಿದ್ದೆನು. ಕಾಗದದ ಗಿರಣಿಗೆ ದೇಶದ ಮೂಲೆಮೂಲೆಗಳಿಂದ ದುಡಿಯಲು ಬಂದ ಜನರಿದ್ದರು. ಕೇರಳದವನಿಗೂ ಬಿಹಾರದವನಿಗೂ ನನ್ನ ಹೆಸರಿನಲ್ಲಿ ನಗುವಂಥದ್ದು ಏನೂ ಕಾಣುತ್ತಿರಲಿಲ್ಲ. ಮುಂದೆ ಜೋಯಿಡಾಕ್ಕೆ ವರ್ಗವಾಯಿತು. ಕಾಳೀ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿ, ಸೂಪಾ ತಾಲೂಕು ಜೋಯಿಡಾ ತಾಲೂಕಾದ ಕಾಲವದು. ಕಚೇರಿಯ ಹಳೆಯ ಕಾಗದಗಳ ಮೇಲೆ ಹಳೆಯ ಹೆಸರು ಇನ್ನೂ ಇರುತ್ತಿತ್ತು. ತಾಲೂಕೇ ಹೆಸರು ಬದಲಿಸಿಕೊಂಡಿತಲ್ಲ, ನಾನೂ ಒಂದು ಅರ್ಜಿ ಹಾಕಿಬಿಡಲೇ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಒಮ್ಮೆ ಅರ್ಜಿಯನ್ನು ಬರೆದೂ ಇದ್ದೆನು.

ಆ ದಿನಗಳಲ್ಲಿಯೇ ಒಬ್ಬ ಸಿದ್ದಿ ಹಿರಿಯರ ಪರಿಚಯವಾಯಿತು. ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಾಡಂಚಿನಲ್ಲಿ ಈ ಜನರು ನೆಲೆಸಿದ್ದಾರೆ. ಇವರ ಪೂರ್ವಜರನ್ನು ಆಫ್ರಿಕದಿಂದ ಗುಲಾಮರನ್ನಾಗಿ ತಂದಿದ್ದರು. ರಾಯಣ್ಣನ ಸಂಗಡಿಗನಾಗಿದ್ದ ಗಜವೀರನು ಇವರವನೇ. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದು, ಅನೇಕರು ಸಿದ್ದಿ ಎಂಬುದನ್ನೇ ಅಡ್ಡಹೆಸರಾಗಿ ಬರೆಯಿಸುತ್ತಾರೆ. ನನ್ನ ಸಂಕಟವನ್ನು ಅವರ ಮುಂದೆ ತೋಡಿಕೊಂಡಾಗ ಅವರು ಎಲೆಯಡಿಕೆಯ ಚೀಲ ಬಿಚ್ಚುತ್ತ, “ಸಾಹೇಬ್ರ, ನಿಮ್ಮ ಹೆಸರ ಕೇಳಿದ ಮ್ಯಾಲೆ ಜನ ನಗತಾರ. ನನ್ನ ಹೆಸರ ಕೇಳೂದರೊಳಗ ನಗತಾರ” ಎಂದರು. ನನ್ನ ಅರ್ಜಿಯನ್ನು ನಾನು ಆ ವಾರವೇ ಹರಿದೆನು.

ಮುಂಡಗೋಡಿನಲ್ಲಿ ಇನ್ನೊಂದು ವಿಚಿತ್ರವನ್ನು ಕಂಡೆನು. 1966ರಿಂದ ಅಲ್ಲಿ ನೆಲೆಸಿದ ತಿಬೇಟಿನ ನಿರಾಶ್ರಿತರಲ್ಲಿ ಬಹುತೇಕರಿಗೆ ಮನೆತನದ ಹೆಸರೇ ಇಲ್ಲ. ಗುರುಗಳಿಟ್ಟ ಹೆಸರೇ ಹೆಸರು; ದಲಾಯಿ ಲಾಮಾ ಅವರ ಹೆಸರಿನ ‘ತೆಂಜಿನ್’ ಎಂಬುದನ್ನು ಹೊತ್ತವರು ಮನೆಮನೆಗೂ ಇದ್ದಾರೆ. ಅಜ್ಜನ ಕೀರ್ತಿಯೂ ಇಲ್ಲ, ಅಪಕೀರ್ತಿಯೂ ಇಲ್ಲ! ಆದರೂ ಅವರು ಯಾವ ಊರಿನವರೆಂದು ಕೇಳಿದರೆ, ಎಂದೂ ನೋಡದ ಊರಿನ ಹೆಸರನ್ನು ಮಕ್ಕಳೂ ಹೇಳುತ್ತಿದ್ದವು.

ಶೆಟ್ಟಿ ಎಂಬುದು ಒಂದು ವಂಶದ ಸೊತ್ತಲ್ಲ. ‘ಶ್ರೇಷ್ಠಿ’ಯಿಂದ ಬಂದ ಈ ಶಬ್ದವು ಸೆಟ್ಟಿ ಎಂದು ನಮ್ಮ ಶಾಸನಗಳಲ್ಲಿ ಹೇರಳವಾಗಿದೆ; ಬಣಜಿಗರಲ್ಲಿಯೂ ಜೈನರಲ್ಲಿಯೂ ಕರಾವಳಿಯ ಬಂಟರಲ್ಲಿಯೂ ಇದೆ. ‘ನೀವು ಅದೇ ಮನೆತನದವರೇನು?’ ಎಂದು ಕೇಳಿದವರಿಗೆಲ್ಲ ನಾನು ಇದನ್ನು ಬಿಡಿಸಿ ಹೇಳಿ, ‘ನಮಗೂ ಅವರಿಗೂ ಸಂಬಂಧವಿಲ್ಲ’ ಎಂದು ಗಟ್ಟಿಯಾಗಿ ಸಾರುತ್ತಿದ್ದೆನು. ನಿವೃತ್ತಿಯ ಹತ್ತಿರ ಒಂದು ಮದುವೆಯ ಪಂಕ್ತಿಯಲ್ಲಿ ಹೀಗೆಯೇ ಸಾರುತ್ತಿರುವಾಗ ಅಜ್ಜನ ಕಂದೀಲು ಕಣ್ಣ ಮುಂದೆ ಬಂದಿತು. ಆ ಮನೆತನದವರೇ ಯಾರಾದರೂ ಅಲ್ಲಿ ಕುಳಿತು ಉಣ್ಣುತ್ತಿದ್ದರೆ? ಆರೇಳು ತಲೆಮಾರುಗಳಾಚೆ ಹುಟ್ಟಿದ ಆ ಮಗುವು ಮಾಡಿದ ಅಪರಾಧವಾದರೂ ಏನು? ನನ್ನನ್ನು ನೋಡಿ ನಕ್ಕವರ ಜೊತೆಯಲ್ಲಿಯೇ ನಾನೂ ಇಷ್ಟು ವರ್ಷ ನಿಂತಿದ್ದೆನು. ಅಂದಿನಿಂದ ಆ ಪ್ರಶ್ನೆಗೆ ‘ಇರಬಹುದು, ಗೊತ್ತಿಲ್ಲ’ ಎನ್ನುತ್ತೇನೆ. ಕೇಳಿದವರಿಗೆ ತುಸು ಮುಜುಗರವಾಗುತ್ತದೆ.

ಇಷ್ಟೆಲ್ಲ ತಿಳಿದವನು ಹೋದ ವರ್ಷ ಮಾಡಿದ್ದೇನು, ಅದನ್ನೂ ಹೇಳಿಬಿಡುತ್ತೇನೆ. ಮೊಮ್ಮಗನನ್ನು ಶಾಲೆಗೆ ಹಚ್ಚುವಾಗ ಮಗನು ಬೆಂಗಳೂರಿನಿಂದ ಫೋನು ಮಾಡಿ ಅಡ್ಡಹೆಸರು ಏನು ಬರೆಯಿಸಲೆಂದು ಕೇಳಿದನು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: “ಶೆಟ್ಟಿ ಬ್ಯಾಡ. ಹಳಿಯಾಳ ಅಂತ ಬರಸು.” ಅತ್ತ ಕಡೆ ಮೌನ. ಬಳಿಕ ಸೊಸೆಯ ಧ್ವನಿ ಕೇಳಿಸಿತು:

“ಮಾವಾರ, ಲಗ್ನಾದ ಮ್ಯಾಲೆ ನಾನಾಗೇ ಈ ಅಡ್ಡಹೆಸರ ಹಚ್ಚಿಕೊಂಡೇನಿ. ಯಾರೂ ಹಚ್ಚಿಕೋ ಅಂದಿದ್ದಿಲ್ಲ. ನನ್ನ ಮಗಗ ಯಾಕ ಬ್ಯಾಡ?”

ನನಗೆ ಉತ್ತರ ತೋಚಲಿಲ್ಲ. ಸಂಜೆ ಮಗನು ಶಾಲೆಯ ಅರ್ಜಿಯ ಚಿತ್ರವನ್ನು ಮೊಬೈಲಿಗೆ ಕಳಿಸಿದನು. ಸೊಸೆಯ ದುಂಡಾದ ಅಕ್ಷರದಲ್ಲಿ ಮೊಮ್ಮಗನ ಹೆಸರಿನ ಮುಂದೆ ‘ಶೆಟ್ಟಿ’ ಎಂದು ಬರೆದಿದ್ದಿತು.