ಕೊನೆಯ ಬೆಂಚಿನ ಹುಡುಗ

ಅಧ್ಯಾಪನ ಜೀವನದ ಒಂದು ಅನುಭವವನ್ನು ಈ ಸ್ಮರಣ ಸಂಚಿಕೆಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದುದು ಒಂದು ತಪ್ಪು. ಅದನ್ನೇ ಬರೆಯುವುದು ಉಚಿತವೆಂದು ಭಾವಿಸಿದ್ದೇನೆ.

1979ರಲ್ಲಿ ನಾನು ಆರನೆಯ ತರಗತಿಗೆ ಕನ್ನಡ ಬೋಧಿಸುತ್ತಿದ್ದೆ. ಆ ತರಗತಿಯ ಹುಡುಗನೊಬ್ಬ ಪ್ರಾರ್ಥನೆಯ ವೇಳೆ ವಚನವನ್ನು ಎರಡು ಸಲ ಕೇಳಿದರೆ ಸಾಕು, ಒಂದಕ್ಷರವೂ ತಪ್ಪದೆ ಹಾಡುತ್ತಿದ್ದ. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಅದೇ ವಚನವನ್ನು ಪುಸ್ತಕದಲ್ಲಿ ತೋರಿಸಿ ಓದೆಂದರೆ ತಡವರಿಸುತ್ತಿದ್ದ. ಉಕ್ತಲೇಖನದಲ್ಲಿ ಮಕಾರವಿರಬೇಕಾದಲ್ಲಿ ವಕಾರ ಬರುತ್ತಿತ್ತು, ಒತ್ತಕ್ಷರಗಳು ಬಿಟ್ಟುಹೋಗುತ್ತಿದ್ದವು, ಒಂದೇ ಶಬ್ದ ಒಂದೇ ಪುಟದಲ್ಲಿ ಮೂರು ರೂಪ ತಾಳುತ್ತಿತ್ತು. ಇಷ್ಟು ಬುದ್ಧಿಯುಳ್ಳವನು ಬರೆಯಲಾರನೆಂದರೆ ಅದು ಸೋಮಾರಿತನವಲ್ಲದೆ ಮತ್ತೇನು ಎಂದು ನಾನು ತೀರ್ಮಾನಿಸಿದೆ. ಬೆತ್ತ ಹಿಡಿದೆ, ತಪ್ಪಿದ ಶಬ್ದಗಳನ್ನು ನೂರು ಸಲ ಬರೆಸಿದೆ, ಕಡೆಗೆ ಕೊನೆಯ ಬೆಂಚಿಗೆ ಕಳುಹಿಸಿದೆ. ವರ್ಷಾಂತ್ಯದಲ್ಲಿ ಅವನ ತಂದೆ ಬಂದು, "ಗುರುಗಳ, ಇವಗ ವಿದ್ಯಾ ತಲಿಗೆ ಹತ್ತೂದಿಲ್ಲರಿ. ಹೊಲಕ್ಕ ಹಚ್ಚತೀನಿ" ಎಂದರು. ನಾನು ಬೇಡವೆನ್ನಲಿಲ್ಲ.

ಸೇವೆಯ ಕೊನೆಯ ವರ್ಷಗಳಲ್ಲಿ, ಶಿಕ್ಷಕರ ತರಬೇತಿಯೊಂದರಲ್ಲಿ, ಯಾವುದೋ ಊರಿನ ಮಗುವಿನ ಉಕ್ತಲೇಖನದ ಹಾಳೆಯನ್ನು ನಮ್ಮ ಕೈಗಿತ್ತರು. ಅದೇ ವಕಾರ, ಅದೇ ಬಿಟ್ಟುಹೋದ ಒತ್ತುಗಳು. ಬುದ್ಧಿಗೆ ಯಾವ ಕೊರತೆಯಿಲ್ಲದೆಯೂ ಅಕ್ಷರ ಮತ್ತು ಧ್ವನಿಗಳ ನಂಟು ಕೂಡಿಬರಲು ಕಷ್ಟವಾಗುವ ಈ ಸ್ಥಿತಿಗೆ ಡಿಸ್‌ಲೆಕ್ಸಿಯಾ ಎಂಬ ಹೆಸರಿದೆಯೆಂದು ಅಂದು ತಿಳಿಯಿತು. ನನ್ನ ಶಿಷ್ಯನಿಗಿದ್ದುದು ಅದೇ ಎಂದು ಹೇಳುವ ಅಧಿಕಾರ ನನಗಿಲ್ಲ. ಪರೀಕ್ಷಿಸಿ ತಿಳಿಯುವ ಅವಕಾಶವನ್ನೇ ನಾನು ಕಳೆದಿದ್ದೆ.

ಗುಣಿತಾಕ್ಷರ, ಒತ್ತಕ್ಷರಗಳಿಂದ ಕೂಡಿದ ನಮ್ಮ ಲಿಪಿಯನ್ನು ಕಲಿಯಲು ಎಲ್ಲ ಮಕ್ಕಳಿಗೂ ಕೆಲವು ವರ್ಷಗಳೇ ಬೇಕು. ಆದುದರಿಂದ ಎಳೆಯ ಮಕ್ಕಳ ತಪ್ಪುಗಳನ್ನೆಲ್ಲ ನ್ಯೂನತೆಯೆಂದು ಬಗೆಯುವುದು ಸಲ್ಲದು. ಸಾಕಷ್ಟು ಬೋಧನೆಯ ಅನಂತರವೂ ತೊಡಕು ಉಳಿದರೆ, ಮೊದಲು ಕಣ್ಣು ಕಿವಿಗಳ ಪರೀಕ್ಷೆಯಾಗಬೇಕು, ತಂದೆತಾಯಿಗಳೊಡನೆ ಮಾತನಾಡಬೇಕು, ಮಗುವಿನ ಬರೆಹಗಳನ್ನು ದಿನಾಂಕಸಹಿತ ಕೂಡಿಡಬೇಕು, ಬಳಿಕ ತಜ್ಞರ ಬಳಿಗೆ ಕಳುಹಿಸಬೇಕು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳು ನಮ್ಮ ನಾಡಿನಲ್ಲಿಯೇ ಇವೆ.

1995ರ ಅಂಗವಿಕಲರ ಕಾಯಿದೆ ಹೆಸರಿಸಿದ ಏಳು ನ್ಯೂನತೆಗಳಲ್ಲಿ ಇದು ಸೇರಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಇಪ್ಪತ್ತೊಂದರಲ್ಲಿ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಕ್ರಮ ಅನುಸರಿಸಬೇಕೆಂದು ಆ ಕಾಯಿದೆ ವಿಧಿಸಿದೆ. ಪ್ರಶ್ನೆಯನ್ನು ಓದಿ ಹೇಳುವುದು, ಉತ್ತರವನ್ನು ಬಾಯಲ್ಲಿ ಕೇಳುವುದು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡುವುದು, ದಿನಕ್ಕೆ ಅರ್ಧ ಗಂಟೆ ಒಬ್ಬನನ್ನೇ ಕೂರಿಸಿಕೊಂಡು ಅಕ್ಷರ ತಿದ್ದಿಸುವುದು: ಇವಾವುವೂ ನಮ್ಮ ಶಕ್ತಿಗೆ ಮೀರಿದವಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಬಸ್ ನಿಲ್ದಾಣದಲ್ಲಿ, ತಲೆ ನರೆತ ರೈತನೊಬ್ಬ ಹತ್ತಿರ ಬಂದು, "ಇದು ಯಾವೂರ ಬಸ್ಸರಿ?" ಎಂದು ಕೇಳಿದ. ಫಲಕ ಅವನ ಕಣ್ಣೆದುರಿಗೇ ಇತ್ತು. ಮುಖ ನೋಡಿದೊಡನೆ "ಸರ, ನೀವಾ!" ಎಂದು ಕಾಲಿಗೆರಗಿದ. ಆಶೀರ್ವದಿಸಲು ನನ್ನ ಕೈ ಏಳಲಿಲ್ಲ.

ನಮ್ಮ ಶಾಲೆಗೆ ಕಟ್ಟಡಗಳನ್ನು ಕಟ್ಟಿಸಿಕೊಟ್ಟ ದಾನಿಗಳಲ್ಲಿ ನನ್ನದೊಂದು ಬಿನ್ನಹ: ಮುಂದಿನ ಕೊಠಡಿ ಇಂಥ ಮಕ್ಕಳಿಗಾಗಿರಲಿ, ಅಲ್ಲಿಗೊಬ್ಬ ವಿಶೇಷ ಶಿಕ್ಷಕರು ಬರಲಿ. ಶಿಕ್ಷಕ ಬಂಧುಗಳಲ್ಲಿ ಇನ್ನೊಂದು: ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಯಾರು ಕುಳಿತಿದ್ದಾರೆ, ಏಕೆ ಕುಳಿತಿದ್ದಾರೆ ಎಂಬುದನ್ನು ನಾಳೆ ಒಮ್ಮೆ ನೋಡಿರಿ.