ಅಣ್ಣನ ಮನೆಯ ಅಟ್ಟ

ಮನೆ ಎಷ್ಟು ದೊಡ್ಡದಾದರೂ ಸಾಮಾನಿಗೆ ಜಾಗ ಸಾಲದು ಎಂಬುದು ಸಂಸಾರ ಮಾಡಿದವರಿಗೆಲ್ಲ ಗೊತ್ತು. ಕಂಪ್ಯೂಟರಿಗೂ ಇದೇ ಗೋಳು ಎಂದು ನನಗೆ ತಿಳಿದದ್ದು ದಸರಾ ರಜೆಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋದಾಗ.

ಮಗಳದು ಬೇರೆ ಬೇರೆ ಕಂಪನಿಗಳ ಮಾಹಿತಿಯನ್ನು ಜೋಪಾನ ಮಾಡುವ ಕೆಲಸ. ಆ ಶನಿವಾರ ರಾತ್ರಿ 11 ಗಂಟೆಗೆ ಲ್ಯಾಪ್‌ಟಾಪ್ ತೆರೆದು ಕೂತಳು. “ಇಷ್ಟು ಹೊತ್ತಿನಲ್ಲಿ ಏನೇ ಕೆಲಸ?” ಎಂದೆ.

“ಹಳೇ ಡಿಸ್ಕ್ ಅರೇನ ಹೊಸದರ ಹಿಂದೆ ಜೋಡಿಸಬೇಕಮ್ಮ. ಸರ್ವರ್ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಹಗಲಲ್ಲಿ ಆಗಲ್ಲ.”

ಫ್ಲಾಸ್ಕಿಗೆ ಕಾಫಿ ತುಂಬಿಸಿ ನಾನೂ ಪಕ್ಕದಲ್ಲಿ ಕೂತೆ. 30 ವರ್ಷ ಪಾಠ ಹೇಳಿದವಳಿಗೆ ಅಂದು ಪಾಠ ಕೇಳುವ ಸರದಿ.

ಡಿಸ್ಕ್ ಅರೇ ಎಂದರೆ ಬೀರುವಿನಂಥ ಪೆಟ್ಟಿಗೆಯಂತೆ. ಒಳಗೆ ಹತ್ತಾರು, ಕೆಲವೊಮ್ಮೆ ನೂರಾರು ಡಿಸ್ಕುಗಳು. ಒಂದು ಕೆಟ್ಟರೂ ಅದರಲ್ಲಿದ್ದುದನ್ನು ಉಳಿದವುಗಳ ನೆರವಿನಿಂದ ಮತ್ತೆ ಪಡೆಯುವಂತೆ ಜೋಡಿಸಿರುತ್ತಾರೆ. ಈ ಏರ್ಪಾಟಿಗೆ ‘ರೇಯ್ಡ್’ ಎಂಬ ಹೆಸರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು 1988ರಲ್ಲಿ ಪ್ರಕಟಿಸಿದ ಲೇಖನದಿಂದ ಪ್ರಸಿದ್ಧವಾಯಿತು. ಒಳಗಿನ ಜಾಗವನ್ನು ಪಾಲು ಮಾಡಿ ಒಂದೊಂದು ಪಾಲನ್ನು ‘ವಾಲ್ಯೂಮ್’ ಎನ್ನುತ್ತಾರೆ. 2004ರಲ್ಲಿ ಹಿಟಾಚಿ ಕಂಪನಿ ಹೊರತಂದ ಅರೇಯಲ್ಲಿ ಇನ್ನೊಂದು ಅನುಕೂಲ ಬಂತು. ಬೇರೆ ಕಂಪನಿಯ ಅರೇಯನ್ನೂ ತನ್ನ ಹಿಂದೆ ಸೇರಿಸಿಕೊಂಡು, ಅದರ ವಾಲ್ಯೂಮುಗಳನ್ನು ತನ್ನವೇ ಎಂಬಂತೆ ಅದು ಸರ್ವರಿಗೆ ತೋರಿಸುತ್ತಿತ್ತು. ಅವೇ ‘ಹೊರಗಿನ ವಾಲ್ಯೂಮ್’ಗಳು.

“ಅಣ್ಣನ ಮನೆ ಅಟ್ಟದಲ್ಲಿ ಟ್ರಂಕು ಇಟ್ಟು, ನಮ್ಮ ಮನೆ ಪಟ್ಟಿಯಲ್ಲಿ ಬರೆದುಕೊಂಡ ಹಾಗೆ” ಎಂದವಳು ನಾಲಿಗೆ ಕಚ್ಚಿಕೊಂಡೆ. ಆ ಟ್ರಂಕಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮಗಳು ನನ್ನ ಮುಖ ನೋಡಿ ಸುಮ್ಮನಾದಳು.

ಕೆಲಸ ಶುರುವಾಯಿತು. ಎರಡು ಅರೇಗಳ ನಡುವೆ ದಾರಿ ಒಂದೇ ಇದ್ದರೆ ಸಾಲದು. ಒಂದು ತುಂಡಾದರೆ ಇನ್ನೊಂದಿರಲಿ ಎಂದು ಬೇರೆ ಬೇರೆ ಸ್ವಿಚ್ಚುಗಳ ಮೂಲಕ ಎರಡು ದಾರಿ. ಪ್ರತಿಯೊಂದು ಪೋರ್ಟಿಗೂ 16 ಅಂಕಿ-ಅಕ್ಷರಗಳ ವಿಳಾಸವಿದೆ. ಹೊಸ ಅರೇಯ ಆ ವಿಳಾಸವನ್ನು ಹಳೆಯದಕ್ಕೆ ತಿಳಿಸಿ, ‘ಇವರು ಬಂದರೆ ಬಾಗಿಲು ತೆಗೆ’ ಎಂದು ಒಪ್ಪಿಸಬೇಕು. ಆಮೇಲೆ ಹೊಸದು ಹಳೆಯದರ ವಾಲ್ಯೂಮುಗಳನ್ನು ಹುಡುಕಿ ಪಟ್ಟಿ ಮಾಡುತ್ತದೆ. ಪ್ರತಿಯೊಂದಕ್ಕೂ ತನ್ನ ಲೆಕ್ಕದ ನಂಬರು ಕೊಟ್ಟು, ಯಾವ ಸರ್ವರಿಗೆ ಯಾವುದು ಎಂದು ಹಂಚುತ್ತದೆ. ಶಾಲೆಗೆ ಬೇರೆ ಊರಿನಿಂದ ಬಂದ ಮಗುವಿಗೆ ಅಡ್ಮಿಷನ್ ನಂಬರು ಕೊಟ್ಟು ಹಾಜರಿ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತೇವಲ್ಲ, ಹಾಗೆ.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ವಾಲ್ಯೂಮನ್ನು ಫಾರ್ಮ್ಯಾಟ್ ಮಾಡಬೇಕೋ ಬೇಡವೋ? ಮಗಳ ಬೆರಳು ನಿಂತುಬಿಟ್ಟಿತು. ಸಹೋದ್ಯೋಗಿಗೆ ಫೋನ್ ಮಾಡಿ, ಕಾಗದದಲ್ಲಿ ಬರೆದುಕೊಂಡಿದ್ದ ನಂಬರುಗಳನ್ನು ಒಂದೊಂದಾಗಿ ಓದಿ ಹೇಳಿದಳು. ಆತ ಆ ಕಡೆಯಿಂದ ಮತ್ತೆ ಓದಿದ. “ಇದಕ್ಕೇಕೆ ಇಷ್ಟು ಹೊತ್ತು?” ಎಂದೆ.

“ಹೊಸ ಅರೇಗೆ ಇದು ಹೊಸ ವಾಲ್ಯೂಮ್ ಅಮ್ಮ. ಒಳಗೆ ಯಾರದೋ ಹತ್ತು ವರ್ಷದ ಲೆಕ್ಕಪತ್ರ ಇದೆ ಅಂತ ಅದಕ್ಕೇನು ಗೊತ್ತು? ಫಾರ್ಮ್ಯಾಟ್ ಅಂದರೆ ಎಲ್ಲ ಅಳಿಸಿ ಹೋಗತ್ತೆ. ಅದನ್ನ ಹೇಳಬೇಕಾದವರು ನಾವೇ.”

ನನ್ನ ಎದೆಯಲ್ಲಿ ಏನೋ ಕಲಕಿತು.

ಅಮ್ಮ ತೀರಿಕೊಂಡ ಮೇಲೆ ಅವಳ ಹಾಡಿನ ಪುಸ್ತಕಗಳನ್ನೆಲ್ಲ ಒಂದು ಟ್ರಂಕಿಗೆ ತುಂಬಿದ್ದೆ. ಹಸೆ ಹಾಡು, ಆರತಿ ಹಾಡು, ಎಲ್ಲವೂ ಅವಳ ದುಂಡು ಅಕ್ಷರದಲ್ಲಿ. ನಮ್ಮ ಬಾಡಿಗೆ ಮನೆ ಚಿಕ್ಕದೆಂದು ಟ್ರಂಕನ್ನು ಅಣ್ಣನ ಮನೆಯ ಅಟ್ಟಕ್ಕೆ ಏರಿಸಿ ಬಂದೆ. ಒಳಗೇನಿದೆ ಎಂದು ಹೇಳಲಿಲ್ಲ. ನನಗೆ ಗೊತ್ತಿದೆಯಲ್ಲ, ಸಾಕು ಎಂದುಕೊಂಡೆ. ಆ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅತ್ತಿಗೆ ಹಳೇ ಪೇಪರೆಂದು ಎಲ್ಲವನ್ನೂ ರದ್ದಿಗೆ ಹಾಕಿ, ಟ್ರಂಕು ತೊಳೆದು ಹಿತ್ತಾಳೆ ಪಾತ್ರೆ ತುಂಬಿಟ್ಟರು. ಅದಾಗಿ 11 ವರ್ಷ. ಅಂದು ಆಡಬಾರದ ಮಾತು ಆಡಿ ಬಂದವಳು ಮತ್ತೆ ತವರಿನ ಹೊಸ್ತಿಲು ತುಳಿದಿಲ್ಲ.

ತಪ್ಪು ಅತ್ತಿಗೆಯದೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಜಾಗ ಕೊಟ್ಟವರಿಗೆ ಜಾಗದ ಲೆಕ್ಕ ಗೊತ್ತು. ಒಳಗಿನ ವಸ್ತುವಿನ ಬೆಲೆ ಇಟ್ಟವರೇ ಹೇಳಬೇಕು. ಆ ಒಂದು ಮಾತನ್ನು ನಾನು ಹೇಳಿರಲಿಲ್ಲ.

ಮಗಳು ಫಾರ್ಮ್ಯಾಟ್ ಬೇಡವೆಂದು ಒತ್ತಿದಳು. ಸರ್ವರ್ ಎದ್ದಿತು, ಹಳೆಯ ಲೆಕ್ಕಪತ್ರ ಇದ್ದ ಹಾಗೇ ಇತ್ತು. ಇನ್ನು ಅದನ್ನೆಲ್ಲ ನಿಧಾನವಾಗಿ ಹೊಸ ಡಿಸ್ಕಿಗೆ ನಕಲು ಮಾಡಿ, ಕೊನೆಗೆ ಹಳೆಯದನ್ನು ಬಿಡಿಸುತ್ತಾರಂತೆ.

“ವಯರು ಕಿತ್ತರಾಯಿತಲ್ಲವೇ?”

“ಅಯ್ಯೋ, ಹಾಗೆ ಕೀಳಬಾರದಮ್ಮ. ಕೆಲವು ಸಲ ಬರೆಯಬೇಕಾದ್ದು ಇನ್ನೂ ಹೊಸ ಅರೇಯ ಕ್ಯಾಶ್ ಮೆಮೊರಿಯಲ್ಲೇ ಇರತ್ತೆ, ಹಳೇ ಡಿಸ್ಕಿಗೆ ಹೋಗಿರಲ್ಲ. ಮೊದಲು ಬಿಡಿಸು ಅಂತ ಆಜ್ಞೆ ಕೊಡಬೇಕು. ಕೈಯಲ್ಲಿರೋದನ್ನೆಲ್ಲ ಅದು ತಲುಪಿಸಿದ ಮೇಲೆ ವಯರು ಕೀಳೋದು.”

ಗಂಟೆ ಮೂರಾಗಿತ್ತು. ಮಗಳು ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ. ತಲುಪಿಸಬೇಕಾದ್ದು ಕೈಯಲ್ಲೇ ಇರುವಾಗ ವಯರು ಕಿತ್ತು ಬಂದವಳು ನಾನು.

ಬೆಳಿಗ್ಗೆ ಅಣ್ಣನ ಮನೆಗೆ ಫೋನ್ ಮಾಡಿದೆ. ಅತ್ತಿಗೆಯೇ ಎತ್ತಿದರು. ನನ್ನ ದನಿ ಕೇಳಿ ಒಂದು ಗಳಿಗೆ ಮಾತಿಲ್ಲ. “ಅತ್ತಿಗೆ, ಟ್ರಂಕಿನಲ್ಲಿ ಅಮ್ಮನ ಪುಸ್ತಕ ಇದೆ ಅಂತ ನಾನು ನಿಮಗೆ ಹೇಳಬೇಕಾಗಿತ್ತು” ಎಂದೆ.

ಆ ಕಡೆ ಮೂಗು ಒರೆಸಿಕೊಂಡ ಸದ್ದು. “ನಾನೂ ಒಂದು ಮಾತು ಕೇಳಬೇಕಾಗಿತ್ತಮ್ಮ” ಎಂದರು. ಪುಸ್ತಕಗಳೇನೂ ತಿರುಗಿ ಬರಲಿಲ್ಲ. ದೀಪಾವಳಿಗೆ ಮಾತ್ರ ತವರಿಗೆ ಹೋಗಿ ಬಂದೆ. ಅಮ್ಮನ ಆರತಿ ಹಾಡೊಂದು ಅತ್ತಿಗೆಗೆ ಅರ್ಧ ನೆನಪಿತ್ತು, ನನಗೆ ಇನ್ನರ್ಧ. ಇಬ್ಬರೂ ಕೂತು ಬರೆದೆವು. ಈ ಸಲ ಎರಡು ಪ್ರತಿ: ಒಂದು ಅವರಲ್ಲಿ, ಒಂದು ನನ್ನಲ್ಲಿ.